ಹಳೆ ಪೆಟ್ರೋಲ್ ಕಾರಿಗೆ ಟರ್ಬೊ: ಕೂರಿಸುವ ಮೊದಲು ಇಂಜಿನ್ ಸಿದ್ಧ ಮಾಡುವುದು ಹೇಗೆ

ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಇಂಜಿನ್ ಬೋರಿಂಗ್ (ಸಿಲಿಂಡರಿನ ಒಳಗೋಡೆ ಕೊರೆಯುವ) ಕೆಲಸಕ್ಕೆ ಹೋಗುವ ಒಂದು ಲೇತ್ ಅಂಗಡಿ ಇದೆ. ಒಂದು ದಿನ ಅಲ್ಲಿನ ಮೇಜಿನ ಮೇಲೆ ಒಂದು ಪಿಸ್ಟನ್ ಇಟ್ಟಿದ್ದರು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ಕೈಗೆ ತೆಗೆದುಕೊಂಡು ತಿರುಗಿಸಿದೆ. ಮೊದಲ ರಿಂಗು ಮತ್ತು ಎರಡನೇ ರಿಂಗಿನ ನಡುವಿನ ಅಂಚು ಹೆಬ್ಬೆರಳಿನ ಉಗುರಿನಷ್ಟು ಮುರಿದು ಹೋಗಿತ್ತು. ಪಕ್ಕದಲ್ಲಿದ್ದ ರಿಂಗಿನ ಎರಡೂ ತುದಿ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿದ್ದವು. ಆ ಹೊಳಪು ನೋಡಿದರೆ ಸಾಕು, ಏನಾಯಿತು ಅಂತ ಗೊತ್ತಾಗುತ್ತದೆ. ಬಿಸಿಗೆ ರಿಂಗು ಹಿಗ್ಗಿದೆ, ತುದಿಗೆ ತುದಿ ತಾಗಿದೆ, ಮುಂದೆ ಹೋಗಲು ಜಾಗ ಇಲ್ಲದೆ ಬೋರನ್ನು (ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆ) ಗಟ್ಟಿಯಾಗಿ ಒತ್ತಿ ಹಿಡಿದಿದೆ, ಪಿಸ್ಟನ್ ಮಾತ್ರ ಮೇಲೆ ಕೆಳಗೆ ಓಡುತ್ತಲೇ ಇದೆ, ಕೊನೆಗೆ ಅಂಚು ಕಿತ್ತುಕೊಂಡು ಬಂದಿದೆ. ಗಾಡಿಯವರು ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಸರಿ ಇಲ್ಲ ಅಂತ ಬೇಜಾರಾಗಿದ್ದರಂತೆ. ಟರ್ಬೊಗೆ ಏನೂ ಆಗಿರಲಿಲ್ಲ. ರಿಂಗ್ ಗ್ಯಾಪನ್ನು, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಜಾಗವನ್ನು, 0.10 ಮಿ.ಮೀ. ಜಾಸ್ತಿ ಬಿಟ್ಟಿದ್ದರೆ ಆ ಪಿಸ್ಟನ್ ಇವತ್ತಿಗೂ ಓಡುತ್ತಿತ್ತು.

ಇಂಜಿನ್‌ನಲ್ಲಿ ಎಲ್ಲಿ ಸಣ್ಣ ದೋಷ ಇದೆಯೋ ಟರ್ಬೊ ಮೊದಲು ಅಲ್ಲಿಗೇ ಕೈ ಹಾಕುತ್ತದೆ. ಲಕ್ಷ ಕಿಲೋಮೀಟರ್ ಓಡಿದ ಇಂಜಿನ್‌ನಲ್ಲಿ ಅಂಥ ಜಾಗ ಹತ್ತಾರು ಇರುತ್ತವೆ. ಯಾವ ಟರ್ಬೊ, ಯಾವ ಬ್ಲೋ ಆಫ್ ವಾಲ್ವ್ ಅಂತ ಎಲ್ಲರೂ ಕೇಳುತ್ತಾರೆ, ಇಂಜಿನ್ ಅಳತೆ ಮಾಡಿದಿರಾ ಅಂದರೆ ಸುಮ್ಮನಾಗುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಬಹುತೇಕ ಅಳತೆಯ ಬಗ್ಗೆಯೇ. ನನ್ನ ಗಾಡಿ 16 ವಾಲ್ವಿನ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಮಾರುತಿ ಎಸ್ಟೀಮ್. 1298 ಸಿಸಿ, ಬೋರ್ 74 ಮಿ.ಮೀ., ಕಂಪನಿ ಲೆಕ್ಕದಲ್ಲಿ 85 ಬಿಎಚ್‌ಪಿ. ಲೆಕ್ಕಗಳನ್ನು ಅದರ ಮೇಲೇ ಹೇಳುತ್ತೇನೆ. ನಿಮ್ಮ ಗಾಡಿ ಬೇರೆ ಆದರೆ ಅಂಕಿ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಮೊದಲು ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಅದಕ್ಕೇ ಈ ಕೆಲಸ ರೇಸಿಗೆ, ಆಟೋಕ್ರಾಸಿಗೆ, ಸ್ವಂತ ಜಾಗದಲ್ಲಿ ಓಡಿಸುವ ಗಾಡಿಗೆ ಮಾತ್ರ. ಬೈಪಾಸ್ ರಸ್ತೆಯಲ್ಲಿ ಲಾರಿಗಳ ನಡುವೆ ಬೂಸ್ಟ್ (ಟರ್ಬೊ ಹೆಚ್ಚಿಸುವ ಗಾಳಿಯ ಒತ್ತಡ) ಪರೀಕ್ಷೆ ಮಾಡುವವರಿಗೆ ಈ ಬರಹ ಅಲ್ಲ. ಟ್ರೇಲರ್ ಮೇಲೆ ಒಯ್ಯಿರಿ.

ಬಿಚ್ಚುವ ಮೊದಲು ಗೇಜ್ ಹಾಕಿ

ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದು, "ಗಡಬಡಿಸಿ ಬಿಚ್ಚಬ್ಯಾಡ್ರೀ ಸರ, ಮೊದಲ ಗೇಜ್ ಹಾಕಿ ನೋಡೂಣು." ಇಂಜಿನ್ ಬಿಸಿ ಮಾಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರ್ ಬಿಡಿಸಿ. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮಾಪಕ) ಹಾಕಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಲಿ, ಪ್ರತಿ ಸಿಲಿಂಡರಿಗೂ ಒಂದೇ ಸಮ ಐದಾರು ಸುತ್ತು. ಬ್ಯಾಟರಿ ಚೆನ್ನಾಗಿರಬೇಕು, ಇಲ್ಲದಿದ್ದರೆ ಕೊನೆಯ ಸಿಲಿಂಡರ್ ಸುಮ್ಮಸುಮ್ನೆ ಕಡಿಮೆ ತೋರಿಸುತ್ತದೆ.

ಇಲ್ಲಿ ನಮ್ಮ ಊರಿನ ಒಂದು ಲೆಕ್ಕ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಹುಬ್ಬಳ್ಳಿ ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿವೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್ಐ ಇದ್ದರೆ ಇಲ್ಲಿ ಸುಮಾರು 13.5. ಅಂದರೆ ಮಂಗಳೂರಿನಲ್ಲಿ ಗೇಜ್ 175 ತೋರಿಸುವ ಇಂಜಿನ್ ನಮ್ಮಲ್ಲಿ 160ರ ಆಸುಪಾಸು ತೋರಿಸುತ್ತದೆ. ಪುಸ್ತಕದಲ್ಲಿ ಇಷ್ಟಿದೆ, ನಂದು ಕಡಿಮೆ ಬಂತು ಅಂತ ಗಾಬರಿ ಆಗಬೇಡಿ. ನೋಡಬೇಕಾದ್ದು ನಾಲ್ಕರ ನಡುವಿನ ವ್ಯತ್ಯಾಸ. ಅದು 10 ಪಿಎಸ್ಐ ಒಳಗಿದ್ದರೆ ಒಳ್ಳೆಯದು. 15 ದಾಟಿದರೆ ಆ ಸಿಲಿಂಡರ್ ಏನೋ ಹೇಳುತ್ತಿದೆ ಅಂತ ಅರ್ಥ.

ಏನು ಹೇಳುತ್ತಿದೆ ಅಂತ ತಿಳಿಯಲು ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಇನ್ನೂ ಖಚಿತವಾಗಬೇಕಾದರೆ ಲೀಕ್ ಡೌನ್ ಟೆಸ್ಟ್. ಪಿಸ್ಟನ್ ಮೇಲಿನ ತುದಿಗೆ ಬಂದು ಎರಡೂ ಕಡೆ ವಾಲ್ವು ಮುಚ್ಚಿದಾಗ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಡಿ, ಗಾಡಿ ಗೇರಿನಲ್ಲಿರಲಿ. ಆಮೇಲೆ ಕಿವಿ ಕೊಡುವುದು. ಆಯಿಲ್ ಹಾಕುವ ಬಾಯಲ್ಲಿ ಸುಯ್ ಅಂದರೆ ರಿಂಗು. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವು. ಏರ್ ಫಿಲ್ಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರಿದಿದೆ.

ಇನ್ನೊಂದು ನೋಡಿ. ಗಾಡಿ ಎಲ್ಲಿ ಓಡಿದ್ದು ಅಂತ ಕೇಳಿ. ನನ್ನದು ಅಣ್ಣಿಗೇರಿ ಕಡೆಯಿಂದ ಬಂದದ್ದು. ಅಣ್ಣಿಗೇರಿ, ನವಲಗುಂದ ಕಡೆ ಎರೆ ಭೂಮಿ, ಬೇಸಿಗೆಯಲ್ಲಿ ಹೊಲದ ದಾರಿಯ ಧೂಳು ಹಿಟ್ಟಿನಷ್ಟು ನುಣ್ಣಗೆ. ಫಿಲ್ಟರ್ ಡಬ್ಬಿ ತೆಗೆದು ಫಿಲ್ಟರಿನ ಆಚೆ, ಇಂಜಿನ್ ಕಡೆಯ ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಧೂಳು ಬಂದರೆ ಅದೇ ಧೂಳು ವರ್ಷಗಟ್ಟಲೆ ರಿಂಗು ಬೋರುಗಳನ್ನು ಉಜ್ಜಿದೆ. ಅಂಥ ಇಂಜಿನ್ ಕಂಪ್ರೆಷನ್ ಚೆನ್ನಾಗಿ ತೋರಿಸಿದರೂ ನಾನು ಬಿಚ್ಚಿಯೇ ನೋಡುತ್ತೇನೆ.

ಬಿಚ್ಚಿದ ಮೇಲೆ ಬೋರು, ಪಿಸ್ಟನ್, ರಿಂಗು

ಗ್ಯಾರೇಜಿನಲ್ಲಿ ಹಾಫ್ ಇಂಜಿನ್ ಕೆಲಸ ಸಾಕು ಅನ್ನುತ್ತಾರೆ. ಟರ್ಬೊಗೆ ಸಾಕಾಗುವುದಿಲ್ಲ. ಪೂರ್ತಿ ಬಿಚ್ಚಬೇಕು, ಕ್ರ್ಯಾಂಕ್ ಹೊರಗೆ ಬರಬೇಕು. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ, ಒಟ್ಟು ಆರು ಕಡೆ ಬೋರ್ ಗೇಜಿನಿಂದ ಅಳೆಯಿರಿ. ಲೇತಿನವರ ಮುಂದೆ ನಿಂತು ಬರೆದುಕೊಳ್ಳಿ, ಅವರಿಗೂ ಅದು ಇಷ್ಟವಾಗುತ್ತದೆ. ವ್ಯತ್ಯಾಸ 0.05 ಮಿ.ಮೀ. ದಾಟಿದರೆ ಬರೀ ಹೋನಿಂಗ್ (ಕಲ್ಲಿನಿಂದ ಒಳಗೋಡೆ ಉಜ್ಜುವುದು) ಹೊಡೆಸಿ ಹೊಸ ರಿಂಗ್ ಹಾಕುವುದು ಬೇಡ. ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು ಬೋರ್ ಹೊಡೆಸಬೇಕು. ಮೊದಲೇ ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಲು ಹೋದರೆ ಕ್ಲಿಯರೆನ್ಸ್ ಅದೃಷ್ಟಕ್ಕೆ ಬಿಟ್ಟ ಹಾಗೆ. ಹೋನಿಂಗ್ ಆದ ಮೇಲೆ ಗೀರುಗಳು ಅಡ್ಡಡ್ಡ ಬಲೆಯ ಹಾಗೆ ಕಾಣಬೇಕು. ಆ ಗೀರಿನಲ್ಲೇ ಆಯಿಲ್ ನಿಲ್ಲುವುದು. ಆಮೇಲೆ ಬೋರನ್ನು ಬಿಸಿನೀರು, ಸೋಪು, ಬ್ರಶ್ ಹಾಕಿ ತೊಳೆಯಿರಿ. ಪೆಟ್ರೋಲು, ಸೀಮೆಎಣ್ಣೆಯಿಂದ ಹೋನಿಂಗ್ ಪುಡಿ ಪೂರ್ತಿ ಹೋಗುವುದಿಲ್ಲ. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಬಾರದು, ಅಲ್ಲಿಯವರೆಗೆ ತೊಳೆಯುತ್ತಲೇ ಇರಬೇಕು. ನನಗೆ ಐದು ಸಲ ಬೇಕಾಯಿತು.

ಇನ್ನು ರಿಂಗ್ ಗ್ಯಾಪ್. ಸಾಧಾರಣ ಇಂಜಿನ್‌ಗೆ ಬೋರಿನ ಅಳತೆಯನ್ನು 0.004ರಿಂದ ಗುಣಿಸುವುದು ವಾಡಿಕೆ. ಟರ್ಬೊಗೆ 0.005ರಿಂದ 0.0055. ನನ್ನ ಬೋರ್ 0.50 ಓವರ್‌ಸೈಜ್ ಆಗಿ 74.50 ಆಗಿತ್ತು. ಹಾಗಾದರೆ ಸಾಧಾರಣಕ್ಕೆ 0.30 ಮಿ.ಮೀ., ಟರ್ಬೊಗೆ 0.37ರಿಂದ 0.41. ನಾನು ಮೇಲಿನ ರಿಂಗಿಗೆ 0.40 ಬಿಟ್ಟೆ, ಎರಡನೆಯದಕ್ಕೆ 0.43. ರಿಂಗನ್ನು ಬೋರಿನ ಒಳಗೆ ಇಟ್ಟು, ಪಿಸ್ಟನ್ ತಲೆಕೆಳಗೆ ಹಿಡಿದು ಒಂದು ಇಂಚು ಒಳಗೆ ತಳ್ಳಿ, ಆಗ ನೇರವಾಗಿ ಕೂರುತ್ತದೆ. ಫೀಲರ್ ಗೇಜ್ ತೂರಿಸಿ ನೋಡಿ. ಕಡಿಮೆ ಇದ್ದರೆ ರಿಂಗಿನ ಒಂದೇ ತುದಿ ಉಜ್ಜಿ, ಅದೂ ಹೊರ ಅಂಚಿನಿಂದ ಒಳಕ್ಕೆ. ಹಿಂದೆ ಮುಂದೆ ಅರ ಆಡಿಸಿದರೆ ಹೊರಗಿನ ಲೇಪ ಚಕ್ಕೆ ಎದ್ದು ಬರುತ್ತದೆ. ಎರಡು ಸಲ ಉಜ್ಜಿ, ಒಂದು ಸಲ ಅಳೆಯಿರಿ. ಉಜ್ಜಿದ ಮೇಲೆ ಅಂಚನ್ನು ನುಣುಪು ಕಲ್ಲಿನಿಂದ ಹಗುರವಾಗಿ ಸವರಿ. ಎಂಟು ರಿಂಗಿಗೆ ನನಗೆ ಒಂದು ಭಾನುವಾರ ಪೂರ್ತಿ ಹೋಯಿತು. ಹೋಗಲಿ ಬಿಡಿ. ಆ ಮೇಜಿನ ಮೇಲಿನ ಪಿಸ್ಟನ್ ನೋಡಿದವರು ಯಾರೂ ಇದಕ್ಕೆ ಅವಸರ ಮಾಡುವುದಿಲ್ಲ.

ಫೋರ್ಜ್ಡ್ (ಬಡಿದು ಮಾಡಿದ) ಪಿಸ್ಟನ್ ಬೇಕೇ ಬೇಕಾ? ಬೂಸ್ಟ್ ಆರು ಪಿಎಸ್ಐ ಒಳಗೆ, ಟ್ಯೂನಿಂಗ್ ಸರಿ ಇದ್ದರೆ, ಒಳ್ಳೆಯ ಎರಕದ ಪಿಸ್ಟನ್ ತಡೆಯುತ್ತದೆ. ಅದಕ್ಕಿಂತ ಮೇಲೆ ಹೋಗುವ ಯೋಚನೆ ಇದ್ದರೆ ಈಗಲೇ ಫೋರ್ಜ್ಡ್ ಹಾಕಿ. ಅವು ಬಿಸಿಗೆ ಜಾಸ್ತಿ ಹಿಗ್ಗುತ್ತವೆ, ಹಾಗಾಗಿ ಬೋರಿನಲ್ಲಿ ಜಾಗವೂ ಜಾಸ್ತಿ ಬಿಡಬೇಕು, ತಯಾರಕರು ಹೇಳಿದಷ್ಟು. ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನು ಮಾತ್ರ ಹಳೆಯವು ಹಾಕಬೇಡಿ. ಕ್ರ್ಯಾಂಕಿನ ಬೇರಿಂಗ್ ಶೆಲ್ ಹೊಸದು ಹಾಕಿ, ಪ್ಲಾಸ್ಟಿಗೇಜ್ ಎಳೆ ಇಟ್ಟು ಕ್ಯಾಪ್ ಬಿಗಿದು ಮತ್ತೆ ತೆಗೆದು, ಎಳೆ ಎಷ್ಟು ಚಪ್ಪಟೆ ಆಯಿತು ಅಂತ ಪಟ್ಟಿಯ ಪಕ್ಕ ಇಟ್ಟು ನೋಡಿ.

ಹೆಡ್ ಮತ್ತು ಗ್ಯಾಸ್ಕೆಟ್

ಹೆಡ್ಡಿನ ಕೆಳಮೈ ಮತ್ತು ಬ್ಲಾಕಿನ ಮೇಲ್ಮೈ, ಎರಡಕ್ಕೂ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ನೋಡಿ. 0.05 ಮಿ.ಮೀ. ಫೀಲರ್ ತೂರಿದರೆ ಫೇಸಿಂಗ್ (ಮೈ ಸಮತಟ್ಟು ಮಾಡುವ ಕೆಲಸ) ಮಾಡಿಸಿ. ಆದರೆ ಎಷ್ಟು ಕಡಿಮೆಯೋ ಅಷ್ಟು ತೆಗೆಸಿ. ಹೆಡ್ ತೆಳುವಾದಷ್ಟೂ ಕಂಪ್ರೆಷನ್ ರೇಶಿಯೊ (ಸಿಲಿಂಡರಿನ ಒಳಗೆ ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವ ಲೆಕ್ಕ) ಏರುತ್ತದೆ, ನಮಗೆ ಬೇಕಾದ್ದು ಅದಕ್ಕೆ ಉಲ್ಟಾ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅಂತ ಟರ್ಬೊ ಕಾರು ಬಂತು, ಕಾರಿಗೆ ಟರ್ಬೊ ಹಾಕಿ ಮಾರಿದ ಮೊದಲಿಗರಲ್ಲಿ ಅವರೂ ಒಬ್ಬರು. ಅದರ ಕಂಪ್ರೆಷನ್ 10.25:1. ಅಷ್ಟಕ್ಕೆ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಪಿಸ್ಟನ್ನಿಗೆ ಏಟು ಕೊಡುವುದು) ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆ ಟ್ಯಾಂಕ್ ಇಟ್ಟು ಇಂಜಿನ್ ಒಳಗೆ ಚಿಮ್ಮಿಸಬೇಕಾಯಿತು. ಆ ಟ್ಯಾಂಕ್ ತುಂಬಿಸಲು ಜನ ಮರೆತರು, ಗಾಡಿ ಬಹಳ ದಿನ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. 9ರಿಂದ 9.5ರ ಒಳಗಿನ ರೇಶಿಯೊ ಇದ್ದರೆ ಕಡಿಮೆ ಬೂಸ್ಟಿಗೆ ಅದನ್ನೇ ಇಟ್ಟುಕೊಳ್ಳಿ. ಅದಕ್ಕಿಂತ ಮೇಲಿದ್ದರೆ ತಲೆ ತಗ್ಗಿದ ಪಿಸ್ಟನ್ ಹುಡುಕಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವ ಉಪಾಯ ಬೇಡ.

ವಾಲ್ವ್ ಗ್ರೈಂಡಿಂಗ್ ಮಾಡಿಸಿ, ವಾಲ್ವ್ ಸೀಲ್ ಬದಲಿಸಿ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಸಿಕ್ಕರೆ ಒಳ್ಳೆಯದು, ಅದಕ್ಕೆ ಫೇಸಿಂಗ್ ಬಹಳ ನುಣುಪಾಗಿರಬೇಕು. ಹೆಡ್ ಬೋಲ್ಟ್ ಹೊಸದು. ಬೋಲ್ಟ್ ಹಾಕುವ ಮೊದಲು ಬ್ಲಾಕಿನ ತೂತುಗಳಿಗೆ ಗಾಳಿ ಹೊಡೆದು ಒಣಗಿಸಿ. ತಳದಲ್ಲಿ ಒಂದು ಚಮಚ ನೀರೋ ಆಯಿಲ್ಲೋ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಟಾರ್ಕ್ ರೆಂಚ್ ಸರಿಯಾಗಿ ಕಟ್ ಅನ್ನುತ್ತದೆ, ಬೋಲ್ಟ್ ಮಾತ್ರ ಬಿಗಿ ಆಗಿರುವುದಿಲ್ಲ. ಅಲ್ಯೂಮಿನಿಯಂ ಬ್ಲಾಕ್ ಆದರೆ ಬಿರಿಯಲೂಬಹುದು. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಇದೇ ಸಮಯಕ್ಕೆ ಹೊಸದು.

ಆಯಿಲ್ ದಾರಿ

ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ಆಯಿಲ್ಲಿನ ಒಂದು ತೆಳುವಾದ ಪದರ. ಹೊಸ ಆಯಿಲ್ ಪಂಪ್ ಹಾಕಿ. ಬಿಸಿ ಇಂಜಿನ್‌ನಲ್ಲಿ 1000 ಆರ್‌ಪಿಎಂಗೆ 10 ಪಿಎಸ್ಐ ಲೆಕ್ಕದಲ್ಲಿ ಒತ್ತಡ ಬರಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ, ಗೇಜ್ ಹಾಕಿಸಿ.

ಟರ್ಬೊಗೆ ಹೋಗುವ ಪೈಪು ಸಣ್ಣದು, ವಾಪಸ್ ಬರುವ ಪೈಪು ದೊಡ್ಡದು. ವಾಪಸ್ ಬರುವ ಆಯಿಲ್ಲಿಗೆ ಒತ್ತಡ ಇರುವುದಿಲ್ಲ, ನೊರೆಯಾಗಿ ತನ್ನ ಭಾರಕ್ಕೇ ಇಳಿಯಬೇಕು. ಒಳ ಅಗಲ ಕನಿಷ್ಠ 16 ಮಿ.ಮೀ. ಇರಲಿ, ಎಲ್ಲೂ ಮೇಲೇರದೆ ಒಂದೇ ಸಮ ಇಳಿಜಾರಿರಲಿ, ಆಯಿಲ್ ಚೇಂಬರಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಸೇರುವ ಜಾಗ ಒಳಗಿನ ಆಯಿಲ್ ಮಟ್ಟಕ್ಕಿಂತ ಮೇಲಿರಲಿ. ಮಟ್ಟದ ಕೆಳಗೆ ಸೇರಿಸಿದರೆ ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಜನ ಹೊಸ ಟರ್ಬೊ ಕೊಳ್ಳುತ್ತಾರೆ, ಹೊಗೆ ನಿಲ್ಲುವುದಿಲ್ಲ. ಚೇಂಬರ್ ಬಿಚ್ಚಿದಾಗಲೇ ಈ ಪೈಪು ಸೇರುವ ಮೂತಿಯ ವೆಲ್ಡಿಂಗ್ ಮಾಡಿಸಿ, ಒಳಗಿನ ಕಿಟ್ಟ ತೆಗೆದು ತೊಳೆಯಿರಿ.

ಸಿಲಿಕಾನ್ ಗಮ್ ಬಗ್ಗೆ ಒಂದು ಮಾತು. ಮೊದಲ ಸಲ ಚೇಂಬರ್ ಕೂರಿಸುವಾಗ ಲೀಕ್ ಆಗಬಾರದು ಅಂತ ನಾನು ದಪ್ಪ ಗೆರೆ ಎಳೆದಿದ್ದೆ. ಹೊರಗೆ ಹಿಂಡಿ ಬಂದಷ್ಟೇ ಒಳಗೂ ಹಿಂಡಿರುತ್ತದೆ, ಅಲ್ವಾ? ಮುನ್ನೂರು ಕಿಲೋಮೀಟರ್ ಆದ ಮೇಲೆ ಒತ್ತಡ ಇಳಿಯತೊಡಗಿತು. ಬಿಚ್ಚಿ ನೋಡಿದರೆ ಆಯಿಲ್ ಹೀರುವ ಜಾಲರಿಯ ಮೇಲೆ ಶಾವಿಗೆ ಹಾಗೆ ಗಮ್ಮಿನ ಎಳೆಗಳು ಹರಡಿಕೊಂಡಿದ್ದವು, ಅರ್ಧ ಜಾಲರಿ ಮುಚ್ಚಿತ್ತು. ಆಗಿನ್ನೂ ಟರ್ಬೊ ಕೂರಿಸಿರಲಿಲ್ಲ, ಬೇರಿಂಗ್ ಉಳಿಯಿತು. ಎರಡು ಮಿ.ಮೀ. ಗೆರೆ ಸಾಕು, ಬೋಲ್ಟ್ ತೂತಿನ ಒಳಬದಿಗೆ. ಟರ್ಬೊದ ಆಯಿಲ್ ಪೈಪಿಗೆ ಗಮ್ ಬೇಡವೇ ಬೇಡ, ತಾಮ್ರದ ವಾಷರ್ ಹಾಕಿ.

ಕ್ರ್ಯಾಂಕ್‌ಕೇಸಿನ ಹೊಗೆ ಇನ್‌ಟೇಕಿಗೆ ಹೋಗುವ ಪೈಪಿನಲ್ಲಿ ಒಂದು ಕಡೆ ಮಾತ್ರ ಬಿಡುವ ಚೆಕ್ ವಾಲ್ವ್ ಬೇಕು. ಇಲ್ಲದಿದ್ದರೆ ಬೂಸ್ಟ್ ಬಂದಾಗ ಗಾಳಿ ಉಲ್ಟಾ ಇಂಜಿನ್ ಒಳಗೆ ನುಗ್ಗಿ ಡಿಪ್‌ಸ್ಟಿಕ್ ಹಾರಿಸುತ್ತದೆ, ಸೀಲ್‌ಗಳಿಂದ ಆಯಿಲ್ ಸುರಿಸುತ್ತದೆ.

ಬಿಸಿ, ಗಾಳಿ, ಪೆಟ್ರೋಲು

ನಮ್ಮ ಕಡೆ ಒಂದು ಕೆಟ್ಟ ರೂಢಿ, ಗಾಡಿ ಹೀಟ್ ಆದರೆ ಥರ್ಮೊಸ್ಟ್ಯಾಟ್ ಕಿತ್ತು ಬಿಸಾಕುವುದು. ಹಳೆ ಗಾಡಿ ಕೊಂಡರೆ ಮೊದಲು ಅದು ಇದೆಯಾ ನೋಡಿ. ಇಲ್ಲದಿದ್ದರೆ ಹೊಸದು ಹಾಕಿ. ಅದಿಲ್ಲದೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಅದು ಬೋರಿನ ಆಯಿಲ್ ತೊಳೆದುಬಿಡುತ್ತದೆ. ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಒಳಗೆ ಸುಣ್ಣ ಕಟ್ಟಿರುತ್ತದೆ. ರಾಡಿಂಗ್ (ಸಲಾಕೆ ತೂರಿಸಿ ಕೊಳವೆ ಸ್ವಚ್ಛ ಮಾಡುವುದು) ಮಾಡಿಸಿ, ಇಲ್ಲವೇ ಹೊಸದು ಹಾಕಿ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಆರು ಪಿಎಸ್ಐ ಬೂಸ್ಟ್ ಅಂದರೆ ಇಲ್ಲಿನ ಗಾಳಿಗೆ 19.5 ಭಾಗಿಸು 13.5, ಅಂದರೆ 1.44 ಪಟ್ಟು. ಏಪ್ರಿಲ್‌ನ 38 ಡಿಗ್ರಿ ಗಾಳಿಯನ್ನು ಅಷ್ಟು ಒತ್ತಿದರೆ ಟರ್ಬೊದಿಂದ ಹೊರಬರುವಾಗ ಹತ್ತಿರ ಹತ್ತಿರ 85 ಡಿಗ್ರಿ ಇರುತ್ತದೆ. ಬಿಸಿ ಗಾಳಿ ನಾಕಿಂಗ್‌ಗೆ ಆಹ್ವಾನ. ಬೂಸ್ಟ್ ಕಡಿಮೆ ಇದೆ, ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸುವ ರೇಡಿಯೇಟರ್) ಬೇಡ ಅನ್ನುವವರು ಡಿಸೆಂಬರಿನಲ್ಲಿ ಟ್ಯೂನ್ ಮಾಡಿರುತ್ತಾರೆ.

ಇಂಜೆಕ್ಟರ್ ಲೆಕ್ಕ ಹೀಗೆ. 120 ಬಿಎಚ್‌ಪಿ ಗುರಿ ಅಂತಿಟ್ಟುಕೊಳ್ಳಿ. 120ನ್ನು 0.60ರಿಂದ (ಒಂದು ಬಿಎಚ್‌ಪಿಗೆ ಗಂಟೆಗೆ ಬೇಕಾಗುವ ಪೆಟ್ರೋಲ್, ಪೌಂಡಿನಲ್ಲಿ) ಗುಣಿಸಿದರೆ ಗಂಟೆಗೆ 72 ಪೌಂಡ್ ಪೆಟ್ರೋಲ್. ನಾಲ್ಕು ಇಂಜೆಕ್ಟರ್, ಪ್ರತಿಯೊಂದೂ ಶೇ 80ರಷ್ಟು ಹೊತ್ತು ಮಾತ್ರ ತೆರೆದಿರಬೇಕು, ಹಾಗಾಗಿ 72 ಭಾಗಿಸು 3.2, ಅಂದರೆ 22.5 ಪೌಂಡ್. ಪೌಂಡಿನ ಲೆಕ್ಕವನ್ನು ಸಿಸಿಗೆ ತರಲು ಅದನ್ನು 10.5ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 236 ಸಿಸಿ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತದ್ದು, ಅದು ಜಾಸ್ತಿ ಸುರಿಯಬೇಕಾಗುತ್ತದೆ. 280ರ ಆಸುಪಾಸಿನ ಇಂಜೆಕ್ಟರ್ ತೆಗೆದುಕೊಳ್ಳಿ. ಎಥೆನಾಲ್ ಹಳೆ ರಬ್ಬರ್ ತಿನ್ನುತ್ತದೆ, ಆದ್ದರಿಂದ ಪೆಟ್ರೋಲ್ ಪೈಪು, ಓ ರಿಂಗ್ ಎಲ್ಲ ಬದಲಿಸಿ. ಕಂಪನಿಯ ಮ್ಯಾಪ್ ಸೆನ್ಸರ್ (ಒಳಹೋಗುವ ಗಾಳಿಯ ಒತ್ತಡ ಅಳೆಯುವುದು) ಬೂಸ್ಟನ್ನು ಓದಲಾರದು, ಅದಕ್ಕೆ ದೊಡ್ಡ ಸೆನ್ಸರ್, ಬೇರೆ ಇಸಿಯು, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕು. ಬೂಸ್ಟಿನಲ್ಲಿ ಲ್ಯಾಂಬ್ಡಾ (ಗಾಳಿ ಪೆಟ್ರೋಲಿನ ಅನುಪಾತದ ಅಳತೆ, 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ) 0.80 ಇಟ್ಟು ಶುರು ಮಾಡಿ. ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.7 ಮಿ.ಮೀ.

ಗುಜರಿಯಲ್ಲಿ ಡೀಸೆಲ್ ಕಾರಿನ ಟರ್ಬೊ ಅಗ್ಗಕ್ಕೆ ಸಿಗುತ್ತದೆ. ಪೆಟ್ರೋಲ್ ಇಂಜಿನ್‌ನ ಹೊಗೆ ಬಿಸಿ 900 ಡಿಗ್ರಿ ದಾಟುತ್ತದೆ, ಡೀಸೆಲ್ಲಿನದು ಅಷ್ಟಿರುವುದಿಲ್ಲ. ಒಳಗೆ ಸರಿಯುವ ರೆಕ್ಕೆಗಳಿರುವ ಡೀಸೆಲ್ ಟರ್ಬೊ ಅಂತೂ ಬೇಡವೇ ಬೇಡ, ಆ ಬಿಸಿಗೆ ರೆಕ್ಕೆ ಕಚ್ಚಿಕೊಳ್ಳುತ್ತದೆ.

ಮೊದಲ ಸಾವಿರ ಕಿಲೋಮೀಟರ್ ಟರ್ಬೊ ಇಲ್ಲದೆ

ಇದನ್ನು ಬಹಳ ಜನ ಒಪ್ಪುವುದಿಲ್ಲ, ನಾನು ಮಾತ್ರ ಬಿಡುವುದಿಲ್ಲ. ಇಂಜಿನ್ ಕಟ್ಟಿದ ಮೇಲೆ ಹಳೆ ಮ್ಯಾನಿಫೋಲ್ಡ್, ಹಳೆ ಇಂಜೆಕ್ಟರ್, ಹಳೆ ಇಸಿಯು ಹಾಕಿ, ಟರ್ಬೊದ ಪೈಪಿಗೆಂದು ಇಂಜಿನ್‌ನಲ್ಲಿ ಮಾಡಿದ ಆಯಿಲ್ ತೂತುಗಳಿಗೆ ಬೋಲ್ಟ್ ಹಾಕಿ ಮುಚ್ಚಿ, 1000 ಕಿಲೋಮೀಟರ್ ಸಾಧಾರಣ ಕಾರಿನ ಹಾಗೆ ಓಡಿಸಿ. ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ತೆಗೆದು, ಗೇಜಿನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ಸೆಲ್ಫ್ ಹೊಡೆಯಿರಿ. ಮೊದಲು ಸಾದಾ ಮಿನರಲ್ ಆಯಿಲ್. ಧಾರವಾಡದಿಂದ ಗದಗ, ಗದಗದಿಂದ ವಾಪಸ್ ಹುಬ್ಬಳ್ಳಿ, ಒಂದೇ ವೇಗದಲ್ಲಿ ಅಲ್ಲ, ಏರಿಸುತ್ತ ಇಳಿಸುತ್ತ. ಆಗ ರಿಂಗು ಬೋರಿಗೆ ಹೊಂದಿಕೊಳ್ಳುತ್ತದೆ. 100 ಕಿಲೋಮೀಟರ್ ಆದಾಗ ಒಂದು ಸಲ, 1000 ಆದಾಗ ಇನ್ನೊಂದು ಸಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ತೆಗೆದ ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆ ಬಿಸಿಲಿಗೆ ಹಿಡಿಯಿರಿ. ಮೊದಲ ಸಲ ಸಣ್ಣ ಮಿಣುಕು ಇದ್ದರೆ ಸಹಜ. ಎರಡನೇ ಸಲವೂ ಬಂದರೆ, ಅದರಲ್ಲೂ ತಾಮ್ರದ ಬಣ್ಣದ ಚೂರು ಕಂಡರೆ, ಬೇರಿಂಗ್ ನೋಡದೆ ಮುಂದೆ ಹೋಗಬೇಡಿ.

ಆಮೇಲೆ ಟರ್ಬೊ, ಇಂಜೆಕ್ಟರ್, ಇಸಿಯು ಹಾಕಿ, ಸಿಂಥೆಟಿಕ್ ಆಯಿಲ್ ತುಂಬಿ. ಟರ್ಬೊದ ಆಯಿಲ್ ತೂತಿಗೆ ಕೈಯಿಂದ ಆಯಿಲ್ ಬಿಟ್ಟು ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಮತ್ತೆ ಪ್ಲಗ್ ತೆಗೆದು ಸೆಲ್ಫ್. ಮೂರು ಪಿಎಸ್ಐಯಿಂದ ಶುರು ಮಾಡಿ. ಮೊದಲ ದಿನದ ಓಟ ಮುಗಿದ ಮೇಲೆ ನಾಲ್ಕೂ ಪ್ಲಗ್ ತೆಗೆದು ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಯೋ, ಹೊಳೆಯುವ ಅಲ್ಯೂಮಿನಿಯಂ ಕಣವೋ ಕಂಡರೆ ನಾಕಿಂಗ್ ಆಗಿದೆ. ಟೈಮಿಂಗ್ ಹಿಂದಕ್ಕೆ ತನ್ನಿ, ಬೂಸ್ಟ್ ಏರಿಸಬೇಡಿ.

ಕೊನೆಗೆ ಮತ್ತೆ ಕಂಪ್ರೆಷನ್ ಗೇಜ್. ಬಿಚ್ಚುವ ಮೊದಲು ನನ್ನದು 148, 151, 132, 150 ಇತ್ತು. ಸಾವಿರ ಕಿಲೋಮೀಟರ್ ಆದ ಮೇಲೆ 161, 160, 162, 160. ಆರು ಪಿಎಸ್ಐಯಲ್ಲಿ ಒಂದು ಬೇಸಿಗೆ ಓಡಿಸಿ ಮೊನ್ನೆ ಅಳೆದಾಗ 160, 159, 160, 158. ಮೂರೂ ಸಾಲು ಫಿಲ್ಟರ್ ಡಬ್ಬಿಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.